ಬೋಯ್‌ಗೆ ಹಗ್ಗ ಕಟ್ಟುವ ಮುನ್ನ

ಗಬ್ಬೂರಿನಲ್ಲಿ ಕಡಲಿಲ್ಲ. ಬೆಂಗಳೂರು–ಪುಣೆ ಹೆದ್ದಾರಿ ಹುಬ್ಬಳ್ಳಿ ಪೇಟೆಯೊಳಗೆ ನುಗ್ಗದೆ ಬೈಪಾಸಿಗೆ ಹೊರಳುವ ಜಾಗ ಅದು. ಸುತ್ತ ಎರೆಹೊಲ, ಹಗಲೂ ರಾತ್ರಿ ಲಾರಿಗಳ ಸದ್ದು. ಅಲ್ಲಿಂದ ಕಾರವಾರದ ಕಡಲು ನೋಡಬೇಕಾದರೆ ಯಲ್ಲಾಪುರ ದಾಟಿ ಘಟ್ಟ ಇಳಿದು ಮೂರು–ನಾಲ್ಕು ತಾಸು ಹೋಗಬೇಕು. ಆದರೂ ಜೂನ್ ತಿಂಗಳಲ್ಲಿ ಗಬ್ಬೂರಿನ ರೈತ ಹೆಸರು ಬಿತ್ತಲು ಮುಗಿಲು ನೋಡುತ್ತಾನಲ್ಲ, ಅವನು ನೋಡುತ್ತಿರುವುದು ಅರಬ್ಬೀ ಸಮುದ್ರವನ್ನೇ. ಮುಂಗಾರಿನ ಗಾಳಿ ಆ ನೀರನ್ನು ಹೊತ್ತು ತಂದು, ಹೆಚ್ಚಿನ ಪಾಲನ್ನು ಕರಾವಳಿಯಲ್ಲೂ ಘಟ್ಟದಲ್ಲೂ ಸುರಿದು, ಉಳಿದದ್ದನ್ನು ಹುಬ್ಬಳ್ಳಿ ಕಡೆಗೆ ಕಳಿಸುತ್ತದೆ. ಮಂಗಳೂರಿಗೆ ಬೀಳುವ ಮಳೆಯ ಕಾಲು ಪಾಲಿನಷ್ಟು ಅಲ್ಲಿಗೆ ಸಿಕ್ಕರೆ ಅದೇ ಒಳ್ಳೆಯ ವರ್ಷ.

ಘಟ್ಟ ಹತ್ತಿ ಹುಬ್ಬಳ್ಳಿ, ದಾವಣಗೆರೆ ಕಡೆ ವ್ಯಾಪಾರಕ್ಕೆ ನಿಂತ ನಮ್ಮವರ ಮನೆಗಳಿಗೆ ಈ ಕಡಲು ಎರಡು ಕಡೆಯಿಂದ ಮುಟ್ಟುತ್ತದೆ. ಮೀನೂ ಅಲ್ಲಿಂದಲೇ ಬರಬೇಕು, ಮಳೆಯೂ ಅಲ್ಲಿಂದಲೇ ಬರಬೇಕು. ಇನ್ನು ಉಳ್ಳಾಲ, ಬಂದರು, ಮಂಜೇಶ್ವರ, ಕಾಪು, ಮಲ್ಪೆಯ ಮನೆಗಳ ಮಾತು ಬೇರೆ ಹೇಳಬೇಕೆ? ಯಾರದೋ ಬೋಟು ಕಡಲಲ್ಲಿರುತ್ತದೆ, ಯಾರದೋ ಮಗ ಹಡಗಿನಲ್ಲಿ ಕೆಲಸಕ್ಕಿರುತ್ತಾನೆ, ಯಾರದೋ ಮನೆಯ ಹಿಂದಿನ ತೆಂಗಿನ ಬುಡಕ್ಕೇ ಅಲೆ ಬಂದು ಬಡಿಯುತ್ತಿರುತ್ತದೆ. ಟಿವಿಯಲ್ಲಿ 'ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ' ಅಂತ ಬಂದ ಕೂಡಲೇ ಉಮ್ಮ ಮೊಬೈಲ್ ಹುಡುಕುತ್ತಾರೆ, ಮಗ ಎಲ್ಲಿ ಮುಟ್ಟಿದ ಅಂತ ಕೇಳಲಿಕ್ಕೆ.

ಆ ಸುದ್ದಿ ಟಿವಿಯವರಿಗೆ ಹೇಗೆ ಗೊತ್ತಾಯಿತು? ನೆಲದ ಮೇಲಾದರೆ ಜಿಲ್ಲೆ ಜಿಲ್ಲೆಗೂ ಮಳೆಮಾಪಕ ಇದೆ, ಹವಾಮಾನ ಕೇಂದ್ರ ಇದೆ. ನಡುಗಡಲಿನಲ್ಲಿ ಕಚೇರಿ ಕಟ್ಟಿ ಜನ ಕೂರಿಸಲಿಕ್ಕಾಗುತ್ತದೆಯೇ? ಉಪಗ್ರಹ ಇದೆಯಲ್ಲ ಅನ್ನಬಹುದು. ಇದೆ. ಆದರೆ ಉಪಗ್ರಹಕ್ಕೆ ಕಾಣುವುದು ಕಡಲಿನ ಚರ್ಮ ಮಾತ್ರ. ಐವತ್ತು ಮೀಟರ್ ಕೆಳಗೆ ನೀರು ಬಿಸಿಯೋ ತಂಪೋ ಅದಕ್ಕೆ ತಿಳಿಯದು. ಮಳೆಗಾಲದ ದಟ್ಟ ಮೋಡ ಕವಿದರೆ ನೀರಿನ ಬಿಸಿ ಅಳೆಯುವ ಅದರ ಎಷ್ಟೋ ಕಣ್ಣುಗಳು ಕುರುಡಾಗುತ್ತವೆ. ಹಡಗುಗಳು ದಾರಿಯಲ್ಲಿ ಗಾಳಿ, ಒತ್ತಡ ಬರೆದು ಕಳಿಸುವ ಪದ್ಧತಿ ಹಳೆಯದು, ಈಗಲೂ ಇದೆ. ಆದರೆ ತೂಫಾನು ಬರುವ ಸುದ್ದಿ ಸಿಕ್ಕಿದರೆ ಯಾವ ಕಪ್ತಾನನೂ ಆ ದಿಕ್ಕಿಗೆ ಹಡಗು ಬಿಡುವುದಿಲ್ಲ. ಅಂದರೆ ಯಾವ ಜಾಗದ ಲೆಕ್ಕ ಅತ್ಯಗತ್ಯವೋ ಆ ಹೊತ್ತಿಗೆ ಅಲ್ಲಿ ಮನುಷ್ಯನೇ ಇರುವುದಿಲ್ಲ.

ಅಲ್ಲಿ ಇರುವುದು ಒಂದು ಹಳದಿ ಬೋಯ್. ತೇಲುವ ಬುಡ, ಅದರ ಮೇಲೊಂದು ಕಂಬ, ಕಂಬದ ತುದಿಗೆ ಗಾಳಿ ಅಳೆಯುವ ಯಂತ್ರ, ಸೋಲಾರ್ ಫಲಕ, ರಾತ್ರಿ ಮಿನುಗುವ ದೀಪ. ಬಹುದಿನದ ಮೀನುಗಾರಿಕೆಗೆ ಹೋಗುವ ಬೋಟಿನವರು ಇದನ್ನು ನೋಡದೆ ಇರಲಿಕ್ಕಿಲ್ಲ. ಅದು ಏನು, ಯಾಕೆ ಅಂತ ಅವರಿಗೆ ಯಾರಾದರೂ ಹೇಳಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಆಮೇಲೆ ಬರೋಣ.

ಲಂಗರು ಹಾಕಿ ನಿಂತದ್ದು

ಕಡಲ ಲೆಕ್ಕ ಕೊಡುವ ಬೋಯ್‌ಗಳಲ್ಲಿ ಎರಡು ಜಾತಿ. ಒಂದು ಲಂಗರು ಹಾಕಿ ಒಂದೇ ಕಡೆ ನಿಲ್ಲುವಂಥದ್ದು, ಇನ್ನೊಂದು ನೀರು ಎಳೆದ ಕಡೆ ಅಲೆಯುವಂಥದ್ದು.

ಭಾರತದಲ್ಲಿ ಲಂಗರಿನ ಬೋಯ್‌ಗಳ ಕೆಲಸ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯದ್ದು. ಎನ್‌ಐಒಟಿ ಅಂತ ಅದನ್ನು ಕರೆಯುತ್ತಾರೆ. 1990ರ ದಶಕದ ನಡುವಿನಲ್ಲಿ ನಾರ್ವೆಯವರ ನೆರವಿನಿಂದ ಶುರುವಾದ ಕಾರ್ಯಕ್ರಮ ಇದು. 1997ರ ಹೊತ್ತಿಗೆ ಮೊದಲ ಬೋಯ್‌ಗಳು ನೀರಿಗಿಳಿದವು. ಈಗ ಅರಬ್ಬೀ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ 'ಓಮ್ನಿ' ಎಂಬ ಹೆಸರಿನ ಬೋಯ್‌ಗಳ ಸಾಲೇ ಇದೆ. ಎಡಿ ಎಂಬ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದ್ದರೆ ಅದು ಅರಬ್ಬೀ ಸಮುದ್ರದ್ದು, ಬಿಡಿ ಅಂತಿದ್ದರೆ ಬಂಗಾಳ ಕೊಲ್ಲಿಯದ್ದು. ಲಕ್ಷದ್ವೀಪದ ಅಗತ್ತಿ, ಕವರತ್ತಿ ಬಳಿಯಲ್ಲೂ ಬೋಯ್ ಇಟ್ಟಿದ್ದಾರೆ. ಮಂಗಳೂರು ಹಳೆ ಬಂದರಿನಿಂದ ಅಕ್ಕಿ, ಸಿಮೆಂಟು, ತರಕಾರಿ ತುಂಬಿಕೊಂಡು ದ್ವೀಪಕ್ಕೆ ಹೋಗುವ ಮಂಜಿಗಳ ದಾರಿಯೂ ಅದೇ ಕಡಲು.

ಇಂಥ ಬೋಯ್ ನಿಲ್ಲುವ ಜಾಗದಲ್ಲಿ ಆಳ ಎಷ್ಟು ಗೊತ್ತೇ? ಎರಡು, ಮೂರು ಸಾವಿರ ಮೀಟರ್, ಕೆಲವು ಕಡೆ ಇನ್ನೂ ಹೆಚ್ಚು. ಕುದುರೆಮುಖದ ಶಿಖರವನ್ನು ಮುಳುಗಿಸಿದರೂ ತುದಿ ಕಾಣದಷ್ಟು. ತಳದಲ್ಲಿ ಭಾರೀ ತೂಕ, ಅದಕ್ಕೆ ಸರಪಳಿ, ಅದರ ಮೇಲೆ ಕಿಲೋಮೀಟರುಗಟ್ಟಲೆ ಹಗ್ಗ, ಮೇಲ್ಭಾಗದಲ್ಲಿ ಉಕ್ಕಿನ ತಂತಿ. ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿರುವುದಿಲ್ಲ. ಗಾಳಿ, ನೀರಿನ ಸೆಳೆತಕ್ಕೆ ತುಂಡಾಗದಿರಲಿ ಅಂತ ಸಡಿಲ ಬಿಟ್ಟಿರುತ್ತಾರೆ. ಹಾಗಾಗಿ ಬೋಯ್ ತನ್ನ ಜಾಗದ ಸುತ್ತ ಮೇಯಲು ಬಿಟ್ಟ ಎಮ್ಮೆಯ ಹಾಗೆ ಕೆಲವು ಕಿಲೋಮೀಟರ್ ಸುತ್ತಾಡುತ್ತದೆ, ಗೂಟ ಬಿಟ್ಟು ಹೋಗುವುದಿಲ್ಲ.

ಮೇಲಿನ ಕಂಬದಲ್ಲಿ, ನೀರಿನಿಂದ ಸುಮಾರು 3 ಮೀಟರ್ ಎತ್ತರದಲ್ಲಿ, ಗಾಳಿಯ ವೇಗ ಮತ್ತು ದಿಕ್ಕು, ವಾಯುಭಾರ, ತೇವಾಂಶ, ಮಳೆ, ಬಿಸಿಲು ಅಳೆಯುವ ಯಂತ್ರಗಳು. ಕೆಳಗೆ ತಂತಿಯ ಉದ್ದಕ್ಕೂ 5 ಮೀಟರಿನಿಂದ ಹಿಡಿದು 500 ಮೀಟರ್ ಆಳದವರೆಗೆ ಹಂತ ಹಂತವಾಗಿ ನೀರಿನ ಬಿಸಿ ಮತ್ತು ಉಪ್ಪಿನ ಅಂಶ ಅಳೆಯುವ ಯಂತ್ರಗಳು. ಅಳೆದದ್ದೆಲ್ಲ ಉಪಗ್ರಹದ ಮೂಲಕ ದಡಕ್ಕೆ, ಅಲ್ಲಿಂದ ಹೈದರಾಬಾದಿನ ಇನ್‌ಕಾಯ್ಸ್‌ಗೆ, ದೆಹಲಿಯ ಹವಾಮಾನ ಇಲಾಖೆಗೆ, ಹೊರದೇಶದ ಕೇಂದ್ರಗಳಿಗೂ ಹೋಗುತ್ತದೆ. ಇನ್‌ಕಾಯ್ಸ್ ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, 1999ರಲ್ಲಿ ಶುರುವಾಯಿತು. ಎಲ್ಲಿ ಮೀನು ಸಿಗಬಹುದು ಅಂತ ನಮ್ಮ ಬೋಟುಗಳಿಗೆ ಸೂಚನೆ ಕಳಿಸುವುದೂ ಅದೇ ಕೇಂದ್ರ.

ಐನೂರು ಮೀಟರ್ ಕೆಳಗಿನ ಉಪ್ಪು ಅಳೆದು ಯಾರಿಗೆ ಏನು ಲಾಭ ಅಂತ ಅನಿಸಬಹುದು. ಒಂದು ಉದಾಹರಣೆ ಕೇಳಿ, ನನಗೆ ಇದು ಬಹಳ ಸೋಜಿಗದ ಸಂಗತಿ. ಗಂಗಾ, ಬ್ರಹ್ಮಪುತ್ರಾ, ಗೋದಾವರಿಯಂಥ ನದಿಗಳು ಮಳೆಗಾಲದಲ್ಲಿ ಬಂಗಾಳ ಕೊಲ್ಲಿಗೆ ಸುರಿದ ಸಿಹಿನೀರು ಕಡಲಿನ ಉಪ್ಪನ್ನು ತೆಳ್ಳಗೆ ಮಾಡುತ್ತದೆ. ಚಳಿಗಾಲದಲ್ಲಿ ಆ ಸಪ್ಪೆ ನೀರು ಶ್ರೀಲಂಕಾ, ಕನ್ಯಾಕುಮಾರಿ ಸುತ್ತಿ, ಉತ್ತರಕ್ಕೆ ಹರಿಯುವ ಸೆಳೆತದ ಜತೆ ಕೇರಳ, ಮಂಗಳೂರಿನ ಎದುರಿನ ಕಡಲಿಗೆ ಬರುತ್ತದೆ. ಹಗುರ ನೀರಲ್ಲವೇ, ಮೇಲೆ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಫೆಬ್ರವರಿಯಿಂದ ಮೇವರೆಗಿನ ಬಿಸಿಲೆಲ್ಲ ಆ ತೆಳು ಪದರದಲ್ಲೇ ಸಿಕ್ಕಿಬಿದ್ದು, ಲಕ್ಷದ್ವೀಪದ ಸುತ್ತಿನ ನೀರು 30 ಡಿಗ್ರಿ ದಾಟುತ್ತದೆ. ಮುಂಗಾರು ಶುರುವಾಗುವ ಹೊತ್ತಿಗೆ ಸುಳಿಗಾಳಿ ಹುಟ್ಟುವುದು ಬಹಳ ಸಲ ಇದೇ ಬಿಸಿನೀರಿನ ಮೇಲೆ. 2002 ಮತ್ತು 2003ರಲ್ಲಿ ಭಾರತದ ವಿಜ್ಞಾನಿಗಳು 'ಆರ್ಮೆಕ್ಸ್' ಎಂಬ ಹೆಸರಿನಲ್ಲಿ ಹಡಗು, ಬೋಯ್ ಎಲ್ಲ ಇಳಿಸಿ ಅರಬ್ಬೀ ಸಮುದ್ರದ ಮುಂಗಾರನ್ನು ಅಧ್ಯಯನ ಮಾಡಿದರು. ಎರಡನೇ ಸುತ್ತಿನಲ್ಲಿ ಈ ಬಿಸಿನೀರಿನ ಕೊಳವೇ ಮುಖ್ಯ ವಿಷಯವಾಗಿತ್ತು. ಅಸ್ಸಾಮಿನಲ್ಲಿ ಹರಿದ ನದಿಗೂ ಗಬ್ಬೂರಿನ ಹೆಸರು ಬಿತ್ತನೆಗೂ ಸಂಬಂಧ ಇರಬಹುದು ಅಂತ ದಡದಲ್ಲಿ ಕೂತು ಹೇಗೆ ಹೇಳುವುದು? ನೀರೊಳಗೆ ಉಪ್ಪು ಅಳೆದಾಗಲೇ ಅದು ತಿಳಿದದ್ದು.

ಅಂದಹಾಗೆ 'ಮಾನ್ಸೂನ್' ಶಬ್ದದ ಮೂಲ ಅರಬಿಯ 'ಮೌಸಿಮ್', ಕಾಲ ಅಥವಾ ಋತು ಅಂತ ಅರ್ಥ. ಗಾಳಿ ಯಾವ ತಿಂಗಳು ಯಾವ ದಿಕ್ಕಿಗೆ ತಿರುಗುತ್ತದೆ ಅಂತ ಲೆಕ್ಕ ಇಟ್ಟು ಅರಬರು ಈ ತೀರಕ್ಕೆ ಬಂದರು, ಅದೇ ಗಾಳಿ ತಿರುಗಿದಾಗ ವಾಪಸು ಹೋದರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರ, ಮಂಗಳೂರಿಗೆ ಬಂದು ಇಲ್ಲಿಯ ಮುಸ್ಲಿಂ ವರ್ತಕರ ಬಗ್ಗೆ ಬರೆದದ್ದೂ ಆ ಗಾಳಿಯ ದೆಸೆಯಿಂದಲೇ. 15ನೇ ಶತಮಾನದ ಇಬ್ನ್ ಮಾಜಿದ್ ನಕ್ಷತ್ರ, ಗಾಳಿ, ದಡದ ಗುರುತುಗಳ ಬಗ್ಗೆ ನಾವಿಕರಿಗಾಗಿ ಪುಸ್ತಕವನ್ನೇ ಬರೆದ. 'ಬ್ಯಾರ' ಮಾಡಿದವರು ಬ್ಯಾರಿಗಳಾದ ಕಥೆಯ ಹಿಂದೆಯೂ ಈ ಗಾಳಿ ಇದೆ. ಆ ಕಾಲದಲ್ಲಿ ಲೆಕ್ಕ ಇದ್ದದ್ದು ಮುಅಲ್ಲಿಮನ ತಲೆಯಲ್ಲಿ. ಈಗ ಆ ಕೆಲಸಕ್ಕೆ ಬೋಯ್ ನಿಲ್ಲಿಸಿದ್ದಾರೆ.

ಹಿಂದೂ ಮಹಾಸಾಗರಕ್ಕೆ ಬೋಯ್ ಬಂದದ್ದು ಉಳಿದ ಕಡಲುಗಳಿಗಿಂತ ತಡವಾಗಿ. 2004ರಿಂದ 'ರಾಮ' ಎಂಬ ಹೆಸರಿನ ಅಂತರರಾಷ್ಟ್ರೀಯ ಬೋಯ್ ಜಾಲ ಇಲ್ಲಿ ಬೆಳೆಯಿತು. ಅಮೆರಿಕ, ಭಾರತ, ಜಪಾನ್, ಇಂಡೊನೇಷ್ಯಾ ಮುಂತಾದ ದೇಶಗಳು ಕೈಸೇರಿಸಿದವು. ಆಫ್ರಿಕಾ ಬದಿಯ ಕೆಲವು ಜಾಗಗಳಲ್ಲಿ ಬೋಯ್ ಇಳಿಸುವುದು ವರ್ಷಗಟ್ಟಲೆ ತಡವಾಯಿತು. ಕಾರಣ ತಾಂತ್ರಿಕವಲ್ಲ, ಸೋಮಾಲಿಯಾದ ಕಡಲ್ಗಳ್ಳರ ಕಾಟ.

ಕಾರವಾರದ ಚೆಂಡು

ನಮ್ಮ ದಡದ ಹತ್ತಿರವೇ ಇರುವ ಇನ್ನೊಂದು ಬಗೆ ಇದೆ, ಅಲೆ ಅಳೆಯುವ ಬೋಯ್. ಕಾರವಾರದ ಎದುರು ಇನ್‌ಕಾಯ್ಸ್ ಇಟ್ಟದ್ದು ಇದೇ. ನೋಡಲಿಕ್ಕೆ ದೊಡ್ಡ ಹಳದಿ ಚೆಂಡು, ಅಗಲ ಒಂದು ಮೀಟರಿಗಿಂತ ಕಡಿಮೆ. ಕೆಳಗೆ ರಬ್ಬರಿನ ಹಗ್ಗ ಇರುವುದರಿಂದ ಅಲೆಯ ಜತೆ ತಡೆಯಿಲ್ಲದೆ ಏರಿ ಇಳಿಯುತ್ತದೆ. ಒಳಗಿನ ಯಂತ್ರ ಆ ಏರಿಳಿತ ಎಣಿಸಿ, ಅಲೆ ಎಷ್ಟು ಎತ್ತರ, ಎಷ್ಟು ಸೆಕೆಂಡಿಗೊಂದು, ಯಾವ ದಿಕ್ಕಿನಿಂದ ಅಂತ ದಡಕ್ಕೆ ಹೇಳುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಹೊನ್ನಾವರ, ಮಲ್ಪೆಯ ಎದುರಿನಲ್ಲೂ ಇಂಥ ಬೋಯ್ ಇಟ್ಟು ಅಲೆ ಅಳೆದಿದ್ದಾರೆ.

ಎಷ್ಟು ಸೆಕೆಂಡಿಗೊಂದು ಎಂಬ ಲೆಕ್ಕವೇ ಮುಖ್ಯ. ಗಾಳಿ ಇಲ್ಲ, ಮೋಡ ಇಲ್ಲ, ಬಿಸಿಲು ಚೆನ್ನಾಗಿದೆ. ಅಂಥ ದಿನ ಒಮ್ಮೆಲೇ ಕಡಲು ಉಕ್ಕಿ ಅಂಗಳಕ್ಕೆ ನುಗ್ಗಿದರೆ? ಕೇರಳದವರು ಇದಕ್ಕೆ ಇಟ್ಟ ಹೆಸರು 'ಕಳ್ಳಕ್ಕಡಲ್'. ಬ್ಯಾರಿ ಬಾಷೆ ಬಲ್ಲವರಿಗೆ ಅರ್ಥ ಬಿಡಿಸಬೇಕಾಗಿಲ್ಲ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಮೀನುಗಾರರ ಬಾಯಿಯ ಈ ಶಬ್ದವನ್ನು 2012ರಲ್ಲಿ ಯುನೆಸ್ಕೊ ಕೂಡ ಒಪ್ಪಿ ವಿಜ್ಞಾನದ ಶಬ್ದವಾಗಿ ಬಳಕೆಗೆ ತಂದಿತು.

ಈ ಕಳ್ಳ ಹೊರಡುವುದು ಎಲ್ಲಿಂದ? ಭೂಮಧ್ಯರೇಖೆ ದಾಟಿ ಇನ್ನೂ ಬಹಳ ದಕ್ಷಿಣಕ್ಕೆ, ಅಂಟಾರ್ಕ್ಟಿಕದ ಕಡೆಯ ದಕ್ಷಿಣ ಮಹಾಸಾಗರದಿಂದ. ಅಲ್ಲಿ ಬಿರುಗಾಳಿ ದಿನಗಟ್ಟಲೆ ಬೀಸಿದಾಗ ಹುಟ್ಟುವ ಉದ್ದುದ್ದ ಅಲೆಗಳು 15–20 ಸೆಕೆಂಡಿಗೊಂದರಂತೆ ಹೊರಟು, ದಿನಕ್ಕೆ ಸುಮಾರು ಸಾವಿರ ಕಿಲೋಮೀಟರ್ ಕ್ರಮಿಸಿ, ಕೆಲವೇ ದಿನಗಳಲ್ಲಿ ನಮ್ಮ ತೀರ ಮುಟ್ಟುತ್ತವೆ. ನಡುಗಡಲಲ್ಲಿ ಬೋಟಿನವನಿಗೆ ಅದರ ಅರಿವೇ ಆಗದು, ಅಷ್ಟು ನಿಧಾನಕ್ಕೆ ಏರಿ ಇಳಿಯುತ್ತದೆ. ದಡದ ಹತ್ತಿರ ಬಂದು ನೀರು ತೆಳುವಾದಾಗ ಎದ್ದು ನಿಲ್ಲುತ್ತದೆ. ಭರತದ ಹೊತ್ತಿಗೆ ಬಂದರಂತೂ ಹೇಳುವುದೇ ಬೇಡ. ಇನ್‌ಕಾಯ್ಸ್ 2020ರಲ್ಲಿ ಇದಕ್ಕಂತಲೇ ಮುನ್ಸೂಚನೆ ವ್ಯವಸ್ಥೆ ಮಾಡಿತು. ಈಗ ಬೇಸಗೆಯಲ್ಲಿ ಕರ್ನಾಟಕದ ತೀರಕ್ಕೂ ಈ ಎಚ್ಚರಿಕೆ ಬರುತ್ತಿರುತ್ತದೆ. ಬಿಸಿಲಿದೆಯಲ್ಲ, ಇವರದ್ದೇನು ಎಚ್ಚರಿಕೆ ಅಂತ ನಕ್ಕು ಮಕ್ಕಳನ್ನು ಬೀಚಿಗೆ ಕರೆದುಕೊಂಡು ಹೋಗುವವರಿದ್ದಾರೆ. ಆ ಎಚ್ಚರಿಕೆಗೂ ನಮ್ಮೂರಿನ ಬಿಸಿಲಿಗೂ ಸಂಬಂಧವೇ ಇಲ್ಲ.

ಅಲೆಮಾರಿ ಬೋಯ್‌ಗಳು

ದಕ್ಷಿಣ ಮಹಾಸಾಗರದ ಆ ಬಿರುಗಾಳಿಯ ಸುದ್ದಿ ಕೊಡುವವರು ಯಾರು? ಅಲ್ಲಿಗೆ ಹಡಗು ಹೋಗುವುದು ಅಪರೂಪ, ಲಂಗರು ಹಾಕಿ ಬೋಯ್ ನಿಲ್ಲಿಸುವುದು ಬಲು ಕಷ್ಟ. ಅಲ್ಲಿ ಕೆಲಸ ಮಾಡುವುದು ಅಲೆಯುವ ಬೋಯ್.

ಇದು ಗಾತ್ರದಲ್ಲಿ ಫುಟ್‌ಬಾಲಿಗಿಂತ ತುಸು ದೊಡ್ಡ ಗುಂಡು. ಅದರ ಕೆಳಗೆ ಉದ್ದನೆಯ ಬಟ್ಟೆಯ ಕೊಳವೆ, ನಡುನಡುವೆ ತೂತುಗಳು. ಈ ಕೊಳವೆ ಮೇಲ್ಮೈಯಿಂದ 15 ಮೀಟರ್ ಆಳದಲ್ಲಿ ತೂಗುತ್ತಿರುತ್ತದೆ. ಯಾಕೆಂದರೆ ಬರೀ ಗುಂಡನ್ನು ಬಿಟ್ಟರೆ ಗಾಳಿ ತಳ್ಳಿದ ಕಡೆ ಹೋದೀತು. ಕೊಳವೆ ಇದ್ದರೆ ನೀರು ಎಳೆದ ಕಡೆ ಹೋಗುತ್ತದೆ. ಹೀಗೆ ಅದು ಹೋದ ದಾರಿಯೇ ಕಡಲಿನ ಸೆಳೆತದ ನಕ್ಷೆ. ನೀರಿನ ಬಿಸಿ ಅಳೆಯುತ್ತದೆ, ಹಲವದರಲ್ಲಿ ವಾಯುಭಾರ ಅಳೆಯುವ ಯಂತ್ರವೂ ಇರುತ್ತದೆ. ಜಗತ್ತಿನ ಎಲ್ಲ ಸಾಗರಗಳಲ್ಲಿ ಸೇರಿ ಇಂಥ ಸುಮಾರು 1,250 ಬೋಯ್‌ಗಳು ಸದಾ ಇರಬೇಕೆಂಬುದು ಗುರಿ. 2005ರಲ್ಲಿ ಮೊದಲ ಬಾರಿ ಆ ಸಂಖ್ಯೆ ಮುಟ್ಟಿತು. ಒಂದೊಂದರ ಆಯಸ್ಸು ಒಂದು ವರ್ಷ, ಹೆಚ್ಚೆಂದರೆ ಎರಡು. ಬ್ಯಾಟರಿ ಮುಗಿದು ಮೌನವಾಗುವ ಹೊತ್ತಿಗೆ ಇನ್ನೊಂದನ್ನು ಇಳಿಸಬೇಕು.

ಇಳಿಸುವುದು ದೊಡ್ಡ ವಿದ್ಯೆಯೇನಲ್ಲ. ಆ ದಾರಿಯಲ್ಲಿ ಹೋಗುವ ಸರಕು ಹಡಗಿನವರಿಗೆ ರಟ್ಟಿನ ಕಟ್ಟಿನಲ್ಲಿ ಸುತ್ತಿದ ಬೋಯ್ ಕೊಟ್ಟಿರುತ್ತಾರೆ. ಹೇಳಿದ ಜಾಗ ಬಂದಾಗ ಹಿಂದಿನಿಂದ ನೀರಿಗೆ ಬಿಟ್ಟರೆ ಮುಗಿಯಿತು. ಕಟ್ಟಿದ ಅಂಟುಪಟ್ಟಿ ನೀರಿನಲ್ಲಿ ಕರಗಿ ಬೋಯ್ ತಾನೇ ಬಿಚ್ಚಿಕೊಳ್ಳುತ್ತದೆ. ಹಡಗಿನಲ್ಲಿರುವ ನಮ್ಮ ಹುಡುಗರಲ್ಲಿ ಯಾರಾದರೂ ಹೀಗೆ ಒಂದನ್ನು ಇಳಿಸಿದ್ದರೆ ಆಶ್ಚರ್ಯವಿಲ್ಲ.

ಸೆಳೆತದ ನಕ್ಷೆಯಿಂದ ಏನು ಪ್ರಯೋಜನ ಅಂದರೆ, ಮೊದಲನೆಯದಾಗಿ ಹುಡುಕಾಟಕ್ಕೆ. 2014ರ ಮಾರ್ಚ್ 8ರಂದು ಮಲೇಷ್ಯಾದ ವಿಮಾನ 239 ಜನರೊಂದಿಗೆ ಕಾಣೆಯಾಯಿತು. ಮರುವರ್ಷ ಜುಲೈಯಲ್ಲಿ ಅದರ ರೆಕ್ಕೆಯ ತುಂಡೊಂದು ಆಫ್ರಿಕಾ ಬದಿಯ ರಿಯೂನಿಯನ್ ದ್ವೀಪದ ದಡಕ್ಕೆ ಬಂದು ಬಿತ್ತು. ಆ ತುಂಡು ಎಲ್ಲಿಂದ ತೇಲಿ ಬಂದಿರಬಹುದು ಅಂತ ಹಿಂದೆ ಹಿಂದೆ ಲೆಕ್ಕ ಹಾಕಲು ಆಸ್ಟ್ರೇಲಿಯಾದ ವಿಜ್ಞಾನಿಗಳು ಬಳಸಿದ್ದರಲ್ಲಿ ಈ ಅಲೆಮಾರಿ ಬೋಯ್‌ಗಳು ಅದೇ ಸಾಗರದಲ್ಲಿ ಹಿಂದೆ ಹೋದ ದಾರಿಗಳ ದಾಖಲೆಯೂ ಒಂದು. ವಿಮಾನ ಸಿಗಲಿಲ್ಲ, ಅದು ನಿಜ. ಆದರೆ ಹುಡುಕಬೇಕಾದ ಜಾಗದ ಬಗ್ಗೆ ಊಹೆಗಿಂತ ಗಟ್ಟಿಯಾದ ಮಾತು ಹೇಳಲು ಸಾಧ್ಯವಾಯಿತು.

ನಮ್ಮ ಹತ್ತಿರದ್ದೇ ಹೇಳಬೇಕಾದರೆ, 2025ರ ಜೂನ್ 9ರಂದು ಕೇರಳದ ಎದುರು ವಾನ್ ಹಾಯ್ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. 22 ಸಿಬ್ಬಂದಿಯಲ್ಲಿ ಬದುಕಿ ಬಂದ 18 ಮಂದಿಯನ್ನು ನೌಕಾಪಡೆಯವರು ಕರೆತಂದದ್ದು ಮಂಗಳೂರಿಗೆ. ನಾಲ್ವರು ಕಾಣೆಯಾದರು. ನೀರಿಗೆ ಬಿದ್ದ ಕಂಟೇನರ್‌ಗಳು ಎತ್ತ ತೇಲಿ ಹೋಗುತ್ತವೆ ಎಂಬ ಲೆಕ್ಕವೂ ಆಗ ಬೇಕಾಯಿತು. ಕಡಲಿಗೆ ಬಿದ್ದ ಮನುಷ್ಯ ಅಥವಾ ಎಂಜಿನ್ ಕೆಟ್ಟ ದೋಣಿ ಗಂಟೆಗಂಟೆಗೆ ಎಲ್ಲಿ ತೇಲಿ ಹೋಗಿರಬಹುದು ಅಂತ ತೋರಿಸುವ 'ಸರತ್' ಎಂಬ ವ್ಯವಸ್ಥೆಯನ್ನು ಇನ್‌ಕಾಯ್ಸ್ 2016ರಿಂದ ನಡೆಸುತ್ತಿದೆ. ಕೊನೆಗೆ ಕಂಡ ಜಾಗ ಮತ್ತು ಹೊತ್ತು ಹೇಳಿದರೆ ಹುಡುಕಬೇಕಾದ ಪ್ರದೇಶ ತೋರಿಸುತ್ತದೆ. ಗಾಳಿ, ಸೆಳೆತದ ಲೆಕ್ಕ ಸರಿ ಇದ್ದಷ್ಟು ಆ ಪ್ರದೇಶ ಸಣ್ಣದಾಗುತ್ತದೆ. ಸಣ್ಣದಾದಷ್ಟು ಬೇಗ ಹೆಲಿಕಾಪ್ಟರ್ ಮುಟ್ಟುತ್ತದೆ.

ನಮ್ಮ ತಂಡೇಲರಿಗೆ ಒಂದು ಸಂಗತಿ ಹೊಸದಲ್ಲ: ಮಳೆಗಾಲದಲ್ಲಿ ನಮ್ಮ ತೀರದ ಸೆಳೆತ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಅಲೆಮಾರಿ ಬೋಯ್‌ಗಳ ದಾರಿಯೂ ಹಾಗೆಯೇ ಹೇಳುತ್ತದೆ. ಬಲೆ ಬಿಟ್ಟ ಕೈಗೆ ತಿಳಿದದ್ದನ್ನು ಯಂತ್ರ ಒಪ್ಪಿಕೊಂಡಿದೆ ಅಷ್ಟೆ.

ಓಖಿಯ ರಾತ್ರಿ, ತೌಕ್ತೆಯ ಹಗಲು

2017ರ ನವೆಂಬರ್ ಕೊನೆ. ಕನ್ಯಾಕುಮಾರಿಯ ದಕ್ಷಿಣಕ್ಕೆ ಇದ್ದ ವಾಯುಭಾರ ಕುಸಿತ ಒಂದೇ ದಿನದೊಳಗೆ ಚಂಡಮಾರುತವಾಯಿತು. ಅದೇ ಓಖಿ. ಎಚ್ಚರಿಕೆ ಹೊರಡುವ ಹೊತ್ತಿಗೆ ಕೇರಳ, ತಮಿಳುನಾಡಿನ ನೂರಾರು ಬೋಟುಗಳು ಆಳಕಡಲಿನಲ್ಲಿದ್ದವು. ದಡದಿಂದ ಹತ್ತು–ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸತ್ತುಹೋಗುತ್ತದೆ, ಯಾರಿಗೆ ಹೇಳುವುದು? ಸತ್ತವರು, ಕಾಣೆಯಾದವರು ಸೇರಿ ಮುನ್ನೂರಕ್ಕೂ ಹೆಚ್ಚು ಜನ. ಬದುಕಿದ ಬೋಟುಗಳು ಲಕ್ಷದ್ವೀಪ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ಬಂದರುಗಳಲ್ಲಿ ಸಿಕ್ಕಿದ ಕಡೆ ದಡ ಸೇರಿದವು. ಆ ವಾರ ಇಲ್ಲಿಯ ಧಕ್ಕೆಗಳಲ್ಲಿ ತಮಿಳು, ಮಲಯಾಳ ಮಾತಾಡುವ ಅಪರಿಚಿತ ಮುಖಗಳನ್ನು ಕಂಡವರಿಗೆ ಅದು ಈಗಲೂ ನೆನಪಿರಬೇಕು.

ಆಮೇಲೆ 2019 ಬಂತು. ಒಂದೇ ವರ್ಷ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತ. ಅಕ್ಟೋಬರಿನ ಕ್ಯಾರ್ ಅಂತೂ ಸೂಪರ್ ಸೈಕ್ಲೋನ್ ಮಟ್ಟಕ್ಕೆ ಏರಿತು. ನಮ್ಮ ಅಜ್ಜಂದಿರ ಕಾಲದಲ್ಲಿ ತೂಫಾನು ಅಂದರೆ ಬಂಗಾಳ ಕೊಲ್ಲಿಯ ಸುದ್ದಿ. ಅರಬ್ಬೀ ಸಮುದ್ರ ಸಭ್ಯ ಅಂತ ನಂಬಿಕೆ. ನೀರು ಬಿಸಿಯಾಗುತ್ತಾ ಬಂದ ಹಾಗೆ ಆ ಸಭ್ಯತೆ ಕಡಿಮೆಯಾಗುತ್ತಿದೆ. ಸುಮಾರು 26.5 ಡಿಗ್ರಿಗಿಂತ ಹೆಚ್ಚು ಬಿಸಿಯ ನೀರು ಸಾಕಷ್ಟು ಆಳದವರೆಗೆ ಇದ್ದರೆ ತೂಫಾನಿಗೆ ಮೇವು. ಬಿಸಿ ಮೇಲಿನ ಪದರದಲ್ಲಿ ಮಾತ್ರ ಇದ್ದರೆ ಗಾಳಿ ನೀರನ್ನು ಕಲಕಿದ ಕೂಡಲೇ ಕೆಳಗಿನ ತಂಪು ಮೇಲೆ ಬಂದು ತೂಫಾನು ಸೊರಗುತ್ತದೆ. ಆಳದವರೆಗೂ ಬಿಸಿ ಇದ್ದರೆ ಇನ್ನಷ್ಟು ಉಬ್ಬುತ್ತದೆ. ಇದು ಯಾವುದು ಎಂದು ಹೇಳಲು ನೀರೊಳಗೆ ಇಳಿಬಿಟ್ಟ ಯಂತ್ರ ಬೇಕೇ ಬೇಕು.

2021ರ ಮೇ ತಿಂಗಳ ತೌಕ್ತೆ ನಮ್ಮ ಕಣ್ಣೆದುರೇ ಹೋಯಿತು. ಲಕ್ಷದ್ವೀಪದ ಬಳಿ ಹುಟ್ಟಿ, ನಮ್ಮ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಏರಿ, 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಸೋಮೇಶ್ವರ, ಉಚ್ಚಿಲದಲ್ಲಿ ಕಡಲ್ಕೊರೆತ. ಮುಲ್ಕಿಯ ಎದುರು ಬಂಡೆಗಳ ನಡುವೆ ಟಗ್ ಒಂದು ಸಿಕ್ಕಿಬಿದ್ದು, ಅದರಲ್ಲಿದ್ದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೆಲಿಕಾಪ್ಟರಿನವರು ಎತ್ತಿದ್ದನ್ನು ಊರೇ ದಡದಲ್ಲಿ ನಿಂತು ನೋಡಿತು. ಮುಂಬೈ ಎದುರು ಪಿ305 ಎಂಬ ಬಾರ್ಜ್ ಮುಳುಗಿ ಹತ್ತಾರು ಜೀವ ಹೋಯಿತು. ಆ ಸಲ ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಎಚ್ಚರಿಕೆ ಕೇಳಿ ಮರಳಿದ ಮೀನು ಬೋಟುಗಳು ಉಳಿದವು.

ಓಖಿಯ ನಂತರ, 2019ರ ಅಕ್ಟೋಬರಿನಲ್ಲಿ, ಉಪಗ್ರಹದಿಂದ ನೇರ ಬೋಟಿಗೇ ಎಚ್ಚರಿಕೆ ತಲುಪಿಸುವ 'ಜೆಮಿನಿ' ಎಂಬ ಸಣ್ಣ ಪೆಟ್ಟಿಗೆಯನ್ನು ಇನ್‌ಕಾಯ್ಸ್ ತಂದಿತು. ಆದರೆ ಪೆಟ್ಟಿಗೆ ಹೇಳಬೇಕಾದ್ದನ್ನು ಅದಕ್ಕೆ ಮೊದಲು ಯಾರಾದರೂ ಹೇಳಬೇಕಲ್ಲ? ಅಲ್ಲಿಗೇ ಮಾತು ಮತ್ತೆ ನಡುಗಡಲಿನ ಬೋಯ್‌ಗೆ ಬರುತ್ತದೆ.

ಬೋಯ್ ಯಾಕೆ ಮೌನವಾಗುತ್ತದೆ

ಬೋಯ್ ಕೆಡುವುದಕ್ಕೆ ಕಡಲೇ ಸಾಕು. ಉಪ್ಪು ಕಬ್ಬಿಣ ತಿನ್ನುತ್ತದೆ, ಚಿಪ್ಪು ಬೆಳೆದು ಯಂತ್ರ ಮುಚ್ಚುತ್ತದೆ. ಅದಕ್ಕೇ ಎನ್‌ಐಒಟಿಯವರು 'ಸಾಗರ ನಿಧಿ', 'ಸಾಗರ ಮಂಜೂಷ' ಹಡಗುಗಳಲ್ಲಿ ಹೋಗಿ ಅವನ್ನು ಎತ್ತಿ ತೊಳೆದು, ಯಂತ್ರ ಬದಲಿಸಿ ಮತ್ತೆ ಇಳಿಸುತ್ತಾರೆ. ಆದರೆ ಜಗತ್ತಿನ ಎಲ್ಲ ಕಡಲುಗಳಲ್ಲೂ, ನಮ್ಮಲ್ಲೂ, ಬೋಯ್ ಹಾಳಾಗುವ ದೊಡ್ಡ ಕಾರಣಗಳಲ್ಲಿ ಒಂದು ಮನುಷ್ಯ. ಮುಖ್ಯವಾಗಿ ಮೀನು ಬೋಟುಗಳು.

ಕಾರಣ ದುಷ್ಟತನ ಅಲ್ಲ. ಕಡಲಲ್ಲಿ ಏನೇ ತೇಲಲಿ, ಒಂದು ಮರದ ದಿಮ್ಮಿಯೇ ಇರಲಿ, ಅದರ ನೆರಳಿಗೆ ಸಣ್ಣ ಮೀನು ಸೇರುತ್ತದೆ, ಸಣ್ಣದರ ಬೆನ್ನಿಗೆ ದೊಡ್ಡದು, ಟ್ಯೂನದಂಥದ್ದು, ಬರುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಬೋಯ್ ಅಂದರೆ ಮೀನಿಗೆ ಸಂತೆ. ಡೀಸೆಲ್ ದರ ಏರಿದೆ, ಐಸ್ ಕರಗುತ್ತಿದೆ, ಹತ್ತು ದಿನ ಸುತ್ತಿದರೂ ಬಲೆ ತುಂಬಿಲ್ಲ. ಅಂಥ ಹೊತ್ತಲ್ಲಿ ಹಳದಿ ಬೋಯ್ ಕಂಡರೆ ತಂಡೇಲ ಬಿಟ್ಟು ಹೋಗುತ್ತಾನೆಯೇ? ಎಂಜಿನ್ ಆಫ್ ಮಾಡಿ ಬೋಟನ್ನು ಅದಕ್ಕೇ ಕಟ್ಟಿ ರಾತ್ರಿ ಕಳೆದರೆ ಡೀಸೆಲ್ಲೂ ಉಳಿತಾಯ. ಆದರೆ ಬೋಟಿನ ತೂಕಕ್ಕೆ ಲಂಗರಿನ ಹಗ್ಗ ಎಳೆಯುತ್ತದೆ, ಗಾಳ ಮತ್ತು ಬಲೆ ನೀರೊಳಗಿನ ತಂತಿಗೆ ಸುತ್ತಿ ಯಂತ್ರ ಕಿತ್ತುಬರುತ್ತದೆ, ಬೋಟಿನ ಬದಿ ಬಡಿದು ಆಂಟೆನಾ ಮುರಿಯುತ್ತದೆ. ಸೋಲಾರ್ ಫಲಕ, ಬ್ಯಾಟರಿ, ದೀಪ ಬಿಚ್ಚಿಕೊಂಡು ಹೋದವರೂ ಇದ್ದಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗುಜರಿಯಲ್ಲಿ ನೂರೋ ಇನ್ನೂರೋ ಸಿಗುವ ಸಾಮಾನಿಗೆ ನೂರಾರು ಮೈಲಿ ಕಡಲು ಕುರುಡಾಗುತ್ತದೆ. ಅದನ್ನು ಸರಿಮಾಡಲು ಮತ್ತೆ ಹಡಗು ಹೋಗಬೇಕು. ಮಳೆಗಾಲವಾದರೆ ಅದೂ ಆಗದು. ಅದೇ ಕಡಲಿನಲ್ಲಿ ಮರುವಾರ ಗಾಳಿ ಎದ್ದರೆ ಮೊದಲು ಸಿಕ್ಕಿಬೀಳುವುದು ಅದೇ ಬೋಟು, ಅದರ ನೆರೆಯ ಬೋಟು.

ತಪ್ಪು ಬೋಟಿನವರದ್ದು ಮಾತ್ರ ಅಂತ ನಾನು ಹೇಳಲಾರೆ. ಮಂಗಳೂರು, ಮಲ್ಪೆಯ ಬೋಟುಗಳಲ್ಲಿ ಕೆಲಸಕ್ಕಿರುವವರು ನಮ್ಮೂರವರು ಮಾತ್ರವೇ? ಆಂಧ್ರ, ಒಡಿಶಾ, ಜಾರ್ಖಂಡ್, ತಮಿಳುನಾಡಿನ ಹುಡುಗರು ತುಂಬಿದ್ದಾರೆ. ಬೋಯ್ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರೆ ಅವರಿಗೆ ಏನು ತಿಳಿಯಬೇಕು? ವಿಜ್ಞಾನಿಗಳು ಮೀನುಗಾರರ ಊರುಗಳಿಗೆ ಬಂದು ತಿಳಿಹೇಳುವ ಸಭೆಗಳು ನಡೆಯುತ್ತಿವೆ, ಅದು ಒಳ್ಳೆಯದು. ಆದರೆ ಅಂಥ ಮಾತು ಧಕ್ಕೆಯಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಹಿಂದಿಯಲ್ಲಿ, ಬೋಟು ಹೊರಡುವ ಆಗಸ್ಟ್ ಮೊದಲ ವಾರಕ್ಕೆ ಮುಂಚೆ ಆಗಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ದಡದಲ್ಲೇ ಇರುತ್ತವೆ, ಬಲೆ ಹೊಲಿಯುವ ಕೆಲಸ ನಡೆಯುತ್ತಿರುತ್ತದೆ. ಆಗ ಕೇಳಲಿಕ್ಕೆ ಎಲ್ಲರಿಗೂ ಪುರುಸೊತ್ತಿದೆ. ಬೋಟು ಮಾಲಕರು ನಮ್ಮಲ್ಲೇ ಎಷ್ಟೋ ಜನ ಇದ್ದಾರೆ. ತಂಡೇಲನಿಗೆ ಹಣ, ಐಸು, ಡೀಸೆಲ್ ಲೆಕ್ಕ ಹೇಳುವಾಗ ಈ ಒಂದು ಮಾತನ್ನೂ ಸೇರಿಸಿದರೆ ಸರ್ಕಾರದ ಸಭೆಗೆ ಕಾಯಬೇಕಾಗಿಲ್ಲ.

ಹೇಳಬೇಕಾದ್ದು ಇಷ್ಟೆ. ಹಳದಿ ಬೋಯ್ ಕಂಡರೆ ದೂರ ಇರಿ, ಅದಕ್ಕೆ ಹಗ್ಗ ಕಟ್ಟಬೇಡಿ, ಅದರ ಸುತ್ತ ಬಲೆ ಬೀಸಬೇಡಿ. ಮೀನು ಬೇಕಾದರೆ ಸಾಕಷ್ಟು ಅಂತರದಲ್ಲಿ ಗಾಳ ಹಾಕಿ. ಲಂಗರು ಕಳಚಿ ತೇಲುತ್ತಿರುವ ಬೋಯ್ ಸಿಕ್ಕಿದರೆ, ಬಲೆಗೆ ಬಿದ್ದರೆ, ಅಥವಾ ಮುರಿದು ದಡಕ್ಕೆ ಬಂದು ಬಿದ್ದಿದ್ದರೆ ಬಿಚ್ಚಬೇಡಿ. ಮೈಮೇಲಿನ ಸಂಖ್ಯೆ ಬರೆದುಕೊಂಡು, ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡಿ, ಮೀನುಗಾರಿಕೆ ಇಲಾಖೆಗೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಹೇಳಿ. ಕಡಲಲ್ಲಿ ಜೀವಕ್ಕೆ ಅಪಾಯ ಬಂದರೆ ಕೋಸ್ಟ್ ಗಾರ್ಡಿನ ಸಂಖ್ಯೆ 1554. ಇನ್‌ಕಾಯ್ಸ್‌ನ 'ಸಮುದ್ರ' ಆ್ಯಪ್ ಮೊಬೈಲಿನಲ್ಲಿ ಹಾಕಿಕೊಂಡರೆ ಅಲೆ, ಗಾಳಿ, ಮೀನಿನ ಜಾಗದ ಸೂಚನೆ ದಡ ಬಿಡುವ ಮೊದಲೇ ನೋಡಬಹುದು. ಮನೆಯಲ್ಲಿರುವವರೂ ನೋಡಬಹುದು.